ಹದಿನೇಳನೇ ಮೊಳೆಯ ಬೂಟು

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಆಟದ ಮೈದಾನದ ಮೂಲೆಯಲ್ಲಿರುವ ಕೋಣೆಯ ಬೀಗ ಮೊದಲ ತಿರುವಿಗೆ ಬಗ್ಗುವ ಜಾತಿಯದಲ್ಲ. ಕಾವಲುಗಾರ್ತಿ ಬಾಗಿಲನ್ನು ಮೊಣಕಾಲಿನಿಂದ ಕೊಂಚ ಒಳಕ್ಕೆ ಒತ್ತಿ, ಕೀಲಿಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು ಮತ್ತೆ ತಿರುಗಿಸುತ್ತಾರೆ. ದೀಪ ಹಾಕಿದೊಡನೆ ಅವರ ಕಣ್ಣು ಹೋಗುವುದು ಎದುರು ಗೋಡೆಗೆ. ಅಲ್ಲಿ ಮೂರು ಸಾಲಿನಲ್ಲಿ ನಲವತ್ತೆರಡು ಮೊಳೆಗಳಿವೆ. ಮೂವತ್ತಮೂರು ಮೊಳೆಗಳಲ್ಲಿ ಹುಡುಗಿಯರ ಫುಟ್‌ಬಾಲ್ ಬೂಟುಗಳು ಜೋಡಿಜೋಡಿಯಾಗಿ ತೂಗುತ್ತಿವೆ.

ನಿನ್ನೆ ಒದ್ದೆಯಾದ ಬೂಟುಗಳಿಗೆ ತುರುಕಿದ್ದ ಹಳೇ ಪೇಪರನ್ನು ಅವರು ಒಂದೊಂದಾಗಿ ತೆಗೆಯುತ್ತಾರೆ. ಆಮೇಲೆ ಬಕೆಟ್ ಹಿಡಿದು ಮೈದಾನಕ್ಕೆ ನಾಲ್ಕು ಸುತ್ತು ಹಾಕಿ ಗಾಜಿನ ಚೂರು, ಕಲ್ಲು ಆಯುತ್ತಾರೆ. ಆರರ ಹೊತ್ತಿಗೆ ಹುಡುಗಿಯರು ನುಗ್ಗುತ್ತಾರೆ. "ಬೀಗದಕ್ಕ, ನನ್ನ ಸಾಕ್ಸ್ ನೋಡಿದ್ರಾ?" "ಬೀಗದಕ್ಕ, ಇವಳು ನನ್ನ ಜಾಗದಲ್ಲಿ ಕೂತಿದ್ದಾಳೆ." ಕಾಲು ಗಂಟೆಯಲ್ಲಿ ಗೋಡೆ ಬರಿದಾಗುತ್ತದೆ. ಹದಿನೇಳನೇ ಮೊಳೆಯ ಬೂಟು ಮಾತ್ರ ಅಲ್ಲೇ ಉಳಿದಿದೆ. ಇವತ್ತಿಗೆ ಒಂಬತ್ತು ದಿನ.

ಆ ಬೂಟು ಹದಿಮೂರು ವರ್ಷದ ಗೋಲ್‌ಕೀಪರ್‌ ಹುಡುಗಿಯದು. ಹಿಡಿದ ಚೆಂಡನ್ನು ಬಿಡುವುದಿಲ್ಲವೆಂದು ಕೋಚ್ ಮೇಷ್ಟ್ರು ಅವಳಿಗೆ 'ಉಡ' ಎಂದು ಹೆಸರಿಟ್ಟಿದ್ದಾರೆ. ಜಿಲ್ಲಾ ತಂಡದ ಆಯ್ಕೆ ಶನಿವಾರ, ಇದೇ ಮೈದಾನದಲ್ಲಿ. ಇವತ್ತು ಗುರುವಾರ.

"ಇನ್ನು ಬರಲ್ಲ ಬಿಡಿ," ಎನ್ನುತ್ತಾರೆ ಮೇಷ್ಟ್ರು. "ಈ ವಯಸ್ಸಿಗೆ ಅರ್ಧಕ್ಕರ್ಧ ಉದುರಿಹೋಗ್ತಾರೆ."

"ಉದುರೋಕೆ ಅವರೇನು ಎಲೆನಾ ಮೇಷ್ಟ್ರೇ?" ಎನ್ನುತ್ತಾ ಬೀಗದಕ್ಕ ಹದಿನೇಳನೇ ಬೂಟಿಗೆ ಎಣ್ಣೆ ಬಟ್ಟೆ ಸವರುತ್ತಾರೆ.

ಬೀಗದಕ್ಕನಿಗೆ ಈಗ ಐವತ್ತೆಂಟು. ಈ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ಗೇಟು ತೆಗೆಯುವುದು, ಹುಲ್ಲಿಗೆ ನೀರು ಬಿಡುವುದು, ಗೇಟು ಹಾಕುವುದು, ಅವರಿಗೆ ಒಪ್ಪಿಸಿರುವ ಕೆಲಸ ಇಷ್ಟೇ. ಮುರಿದ ಬೆಂಚು, ಸುಣ್ಣದ ಡಬ್ಬಗಳು ತುಂಬಿದ್ದ ಕೋಣೆಯನ್ನು ಹುಡುಗಿಯರು ಬಟ್ಟೆ ಬದಲಿಸಲೆಂದು ಖಾಲಿ ಮಾಡಿದ್ದು ಅವರೇ. ಒಳಗಿನಿಂದ ಚಿಲಕ ಹಾಕಿಸಿದ್ದೂ ಅವರೇ. ಕಿಟಕಿಯ ಕೆಳಗೆ ಒಂದು ಬಿಸ್ಕತ್ತಿನ ಡಬ್ಬಿಯಿದೆ. ತಿಂಗಳ ದಿನಗಳಿಗೆ ಬೇಕಾದದ್ದೆಲ್ಲ ಅದರಲ್ಲಿರುತ್ತದೆ. ಯಾರೂ ಕೇಳಿ ತೆಗೆದುಕೊಳ್ಳಬೇಕಿಲ್ಲ. ಡಬ್ಬಿ ಬರಿದಾಗಿದ್ದನ್ನು ಈವರೆಗೆ ಯಾರೂ ಕಂಡಿಲ್ಲ.

ಈ ಕೋಣೆಗೊಂದು ಕಟ್ಟಲೆಯಿದೆ. ಬೂಟು ಮನೆಗೆ ಹೋಗಬಾರದು. ಆಟ ಮುಗಿದ ಮೇಲೆ ಅವರವರ ಮೊಳೆಗೆ ತಗುಲಿಸಿ ಹೋಗಬೇಕು. ಬಿಟ್ಟುಹೋಗುವವಳು ಮಾತ್ರ ಬೂಟು ಒಯ್ಯುತ್ತಾಳೆ. ಮೂರು ದಿನ ಬೂಟು ಅಲುಗದಿದ್ದರೆ ಬೀಗದಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡು ಆ ಹುಡುಗಿಯ ಮನೆಗೆ ಹೋಗುತ್ತಾರೆ. ಹೋದ ವರ್ಷ ಹೀಗೆ ಐವತ್ತೆರಡು ಸಲ ಮೆಟ್ಟಿಲು ಹತ್ತಿದ್ದಾರೆಂದು ಲೆಕ್ಕ ಇಟ್ಟವರು ಮೇಷ್ಟ್ರು.

ಮೊದಲ ವರ್ಷ ಅವರೊಂದು ತಪ್ಪು ಮಾಡಿದ್ದರು. ಗಾಳಿಯಂತೆ ಓಡುತ್ತಿದ್ದ ಒಬ್ಬ ಹುಡುಗಿಯ ಮನೆಗೆ ಹೋಗಿ, ಬಾಗಿಲು ಹಾಕಿದ್ದರಿಂದ ಬೂಟನ್ನು ಹೊಸ್ತಿಲ ಮೇಲಿಟ್ಟು ಬಂದುಬಿಟ್ಟರು. ಮೈದಾನದವರು ಸಾಮಾನು ವಾಪಸ್ ಕಳಿಸಿದ್ದಾರೆ, ಇನ್ನು ಕರೆಯುವುದಿಲ್ಲ ಎಂದುಕೊಂಡಿತು ಆ ಮನೆ. ಹುಡುಗಿಯೂ ಹಾಗೇ ತಿಳಿದಳು. ಮತ್ತೆ ಬರಲಿಲ್ಲ.

"ಅವಳನ್ನ ಕಳಿಸಿದ್ದು ನಾನೇ," ಎನ್ನುತ್ತಾರೆ ಬೀಗದಕ್ಕ. "ಅವತ್ತಿನಿಂದ ಬೂಟು ತೋರಿಸ್ತೀನಿ, ವಾಪಸ್ ತರ್ತೀನಿ. ಯಾರ ಮನೇಲೂ ಬಿಟ್ಟು ಬರಲ್ಲ."

ಶಾಲೆಯಲ್ಲಿದ್ದಾಗ ಅವರೂ ಓಟಗಾರ್ತಿ. ಹದಿಮೂರಕ್ಕೆ ನಿಂತಿತು. "ನನ್ನನ್ನ ಬೇಡ ಅಂತ ಯಾರೂ ಅನ್ಲಿಲ್ಲ. ಯಾಕಮ್ಮಾ ಬರ್ತಿಲ್ಲ ಅಂತಲೂ ಯಾರೂ ಕೇಳ್ಲಿಲ್ಲ. ಒಬ್ಬರು ಕೇಳಿದ್ರೆ ಸಾಕಿತ್ತು."

ಗುರುವಾರ ಸಂಜೆ ಐದಕ್ಕೆ ಅವರು ಉಡನ ಮನೆಯ ಮೂರನೇ ಮಹಡಿ ಹತ್ತುತ್ತಿದ್ದಾರೆ. ಇದು ಮೂರನೇ ಸಲ. ಬಾಗಿಲು ತೆರೆದ ತಾಯಿಯ ಕೈಯಲ್ಲಿ ಇಸ್ತ್ರಿಪೆಟ್ಟಿಗೆ.

"ಅವಳಿಗೆ ಇಷ್ಟ ಇಲ್ವಂತೆ ಅಕ್ಕ. ಎಷ್ಟು ಸಲ ಹೇಳ್ಲಿ?"

"ಇಷ್ಟ ಇಲ್ದಿದ್ರೆ ಬೇಡ ತಂಗಿ," ಎಂದು ಬೀಗದಕ್ಕ ಚೀಲದಿಂದ ಬೂಟು ತೆಗೆಯುತ್ತಾರೆ. "ಬೂಟಿನ ವಿಷಯ ಕೇಳೋಣ ಅಂತ ಬಂದೆ. ಹಾಕ್ದೇ ಇದ್ರೆ ಗಟ್ಟಿಯಾಗುತ್ತೆ. ಬೇರೆಯವರಿಗೆ ಕೊಡೋಣ ಅಂದ್ರೆ ಇಂಥ ದೋಣಿಪಾದ ಊರಲ್ಲೇ ಯಾರಿಗೂ ಇಲ್ಲ."

ಒಳಕೋಣೆಯ ಪರದೆಯ ಹಿಂದೆ ಯಾರೋ ಫಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡ ಸದ್ದು. ತಾಯಿ ಅತ್ತ ನೋಡಿ, ಇತ್ತ ನೋಡಿ, ಇಸ್ತ್ರಿಪೆಟ್ಟಿಗೆ ಕೆಳಗಿಡುತ್ತಾಳೆ. ಆಮೇಲೆ ದನಿ ತಗ್ಗಿಸಿ ಹೇಳುತ್ತಾಳೆ. ತಂಡಕ್ಕೆ ಈ ಸಲ ಬಂದಿರುವುದು ಬಿಳಿ ಚಡ್ಡಿ. ಆಡುವಾಗ ಕಲೆಯಾಗಿದೆ. ಬೇಲಿಯಾಚೆ ನಿಂತಿದ್ದವರು ನಕ್ಕಿದ್ದಾರೆ. "ಅದನ್ನ ಯಾರ ಹತ್ರ ಹೇಳೋದು ಅಕ್ಕ? ಮೇಷ್ಟ್ರ ಹತ್ರಾನಾ?"

ಬೀಗದಕ್ಕ ಬೂಟನ್ನು ಮತ್ತೆ ಚೀಲಕ್ಕೆ ಹಾಕುತ್ತಾರೆ. "ಪುಟ್ಟೀ," ಎನ್ನುತ್ತಾರೆ ಪರದೆಗೆ, "ಶನಿವಾರ ಚಡ್ಡಿ ಬಿಳಿ ಇರಲ್ಲ. ಅದು ನನ್ನ ಜವಾಬ್ದಾರಿ."

ಶುಕ್ರವಾರ ಬೆಳಿಗ್ಗೆ ಕೋಣೆಯ ಹಿಂದೆ ಒಲೆ ಉರಿಯುತ್ತದೆ. ತಂಡದ ಹದಿನಾರು ಬಿಳಿ ಚಡ್ಡಿಗಳು ಕಡುನೀಲಿ ಬಣ್ಣದಲ್ಲಿ ಕುದಿಯುತ್ತಿವೆ. ಮೇಷ್ಟ್ರು ಓಡಿಬರುತ್ತಾರೆ.

"ಏನ್ ಮಾಡ್ತಿದ್ದೀರಿ? ಮೇಲಿನವರು ಒಪ್ಪಿ ಕಳಿಸಿದ ಸಮವಸ್ತ್ರ ಅದು."

"ಒಪ್ಪಿದವರು ಅದನ್ನ ಹಾಕ್ಕೊಂಡು ಆಡಿದ್ದಾರಾ?" ಕೋಲಿನಿಂದ ಬಟ್ಟೆ ತಿರುವುತ್ತಲೇ ಇದ್ದಾರೆ. "ಕೇಳಿದ್ರೆ ಕಾವಲುಗಾರ್ತಿ ಹಾಳು ಮಾಡಿದ್ಲು ಅನ್ನಿ. ಬೈಸ್ಕೊಳ್ಳೋಕೆ ನಾನಿದ್ದೀನಿ. ಆಡೋಕೆ ಅವರಿರ್ಲಿ."

ಕಾರಣ ತಿಳಿದ ಮೇಲೆ ಮೇಷ್ಟ್ರು ಅಂಗಿಯ ತೋಳು ಮಡಚಿ ಬಟ್ಟೆ ಹಿಂಡಲು ಕೈಹಾಕುತ್ತಾರೆ. ಅವರ ಕೈಗಳು ಮೊಣಕೈವರೆಗೂ ನೀಲಿ. ಮಧ್ಯಾಹ್ನದ ಹೊತ್ತಿಗೆ ಗೋಲ್ ಕಂಬದ ಅಡ್ಡಪಟ್ಟಿಯ ಮೇಲೆ ಹದಿನಾರು ಚಡ್ಡಿಗಳು ಒಣಗುತ್ತಿವೆ. ಒಂದು ಮಸಿಯಂತೆ, ಒಂದು ಮೋಡದಂತೆ, ಒಂದಕ್ಕೆ ಪಟ್ಟೆಪಟ್ಟೆ. "ಇದು ಹುಲಿಗೆ ಹೊಲಿಸಿದ್ದಾ ಬೀಗದಕ್ಕ?" ಎಂದು ಕೇಳುತ್ತಾಳೆ ಒಬ್ಬಳು. "ಹೂಂ, ಅದು ನಿನಗೇ," ಎನ್ನುತ್ತಾರೆ ಅವರು.

ಶನಿವಾರ ಐದೂವರೆಗೆ ಗೇಟಿನ ಬಳಿ ಇಬ್ಬರು ನಿಂತಿದ್ದಾರೆ, ತಾಯಿ ಮತ್ತು ಉಡ. ಹುಡುಗಿ ಯಾರ ಮುಖವನ್ನೂ ನೋಡದೆ ಕೋಣೆಗೆ ಹೋಗಿ, ನೀಲಿ ಚಡ್ಡಿಯನ್ನು ಬೆಳಕಿಗೆ ಹಿಡಿದು ಹಿಂದುಮುಂದು ತಿರುಗಿಸುತ್ತಾಳೆ. ಆಮೇಲೆ ಒಳಗಿನಿಂದ ಚಿಲಕ ಬೀಳುವ ಸದ್ದು. ಹೊರಗೆ ನಿಂತ ಬೀಗದಕ್ಕ ಆಗಷ್ಟೇ ಉಸಿರು ಬಿಡುತ್ತಾರೆ.

ಆಯ್ಕೆ ಹನ್ನೊಂದಕ್ಕೆ ಮುಗಿಯುತ್ತದೆ. ಮೇಷ್ಟ್ರು ಪಟ್ಟಿ ಓದುತ್ತಾರೆ. ಈ ಮೈದಾನದ ಮೂವರ ಹೆಸರಿದೆ. ಉಡನ ಹೆಸರಿಲ್ಲ. ಹತ್ತು ದಿನದ ಅಭ್ಯಾಸ ತಪ್ಪಿದ್ದು ಕಾಲಿಗೆ ಗೊತ್ತಾಗಿದೆ. ಎರಡು ಗೋಲು ಅವಳ ಪಕ್ಕದಲ್ಲೇ ಹೋಗಿವೆ.

ಬೀಗದಕ್ಕ ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅವರು ಕೋಣೆಯ ಬಾಗಿಲಲ್ಲಿ ನಿಂತು ಬೂಟು ನೋಡುತ್ತಿದ್ದಾರೆ. ಉಡ ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಾಳೆ. ಮಣ್ಣು ಕೊಡವುತ್ತಾಳೆ. ಬೂಟು ಅವಳ ತೊಡೆಯ ಮೇಲಿದೆ, ಪಕ್ಕದಲ್ಲೇ ಅವಳ ಚೀಲ ಬಾಯಿ ತೆರೆದುಕೊಂಡು ಬಿದ್ದಿದೆ. ಮೂಗೊರೆಸಿಕೊಂಡು ಒಂದು ಗಳಿಗೆ ಹಾಗೇ ಕೂತಿರುತ್ತಾಳೆ.

ಹುಡುಗಿ ಎದ್ದು, ಲೇಸುಗಳನ್ನು ಗಂಟು ಹಾಕಿ, ಬೂಟನ್ನು ಹದಿನೇಳನೇ ಮೊಳೆಗೆ ತಗುಲಿಸುತ್ತಾಳೆ. "ಬೀಗದಕ್ಕ, ಪೇಪರ್ ತುರುಕೋದು ಮರೀಬೇಡಿ. ಸೋಮವಾರ ಒದ್ದೆ ಇದ್ರೆ ನಾನು ಹಾಕ್ಕೊಳಲ್ಲ."

"ಓಹೋ, ದೊರೆಸಾನಿ," ಎನ್ನುತ್ತಾ ಅವರು ಅತ್ತ ತಿರುಗಿ ಹಳೇ ಪೇಪರಿನ ಕಟ್ಟಿಗೆ ಕೈ ಹಾಕುತ್ತಾರೆ.

ಎಲ್ಲರೂ ಹೋದ ಮೇಲೆ ಅವರಿಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಗೋಡೆ ತೋರಿಸುತ್ತಾರೆ. "ನಲವತ್ತೆರಡು ಮೊಳೆ ಹೊಡೆದಿದ್ದೀನಿ. ಒಂಬತ್ತಕ್ಕೆ ಇನ್ನೂ ಬೂಟೇ ಬಂದಿಲ್ಲ. ಒಂದು ದಿನ ಅಷ್ಟೂ ತುಂಬಬೇಕು. ಆಮೇಲೆ ಬೆಳಿಗ್ಗೆ ಆರೂಕಾಲಿಗೆ, ಎಲ್ಲರೂ ಆಟಕ್ಕಿಳಿದ ಮೇಲೆ ನಾನು ಒಳಗೆ ಬಂದ್ರೆ, ಒಂದರಲ್ಲೂ ಏನೂ ಇರಬಾರದು."