ಜಗಳದಷ್ಟು ಅಗಲದ ಲೆನ್ಸು

ಮೊನ್ನೆ ಸಾಗರದ ಮದುವೆ ಛತ್ರವೊಂದರಲ್ಲಿ ಮೊಮ್ಮಗಳು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋನಿನಲ್ಲಿ ಫೋಟೋ ತೆಗೆದಳು. ಮುದುಕಿ ಎಂದು ನನ್ನನ್ನು ಸಾಲಿನ ತುದಿಗೆ ತಳ್ಳಿದ್ದರು. ಆಮೇಲೆ ನೋಡಿದರೆ ಎಲ್ಲರೂ ಸರಿಯಾಗಿದ್ದಾರೆ, ನಾನೊಬ್ಬಳು ಮಾತ್ರ ಬಾಗಿಲು ತುಂಬಿ ನಿಂತಿರುವಂತೆ ಅಡ್ಡಡ್ಡಲಾಗಿ ಬೆಳೆದಿದ್ದೇನೆ. ಕೇಳಿದ್ದಕ್ಕೆ, "ಅದು ವೈಡ್ ಆಂಗಲ್ ಅಜ್ಜಿ, ತುದೀಲಿ ನಿಂತೋರು ಹಂಗೇ ಬರೋದು" ಎಂದು ನನಗೆ ಪಾಠ ಹೇಳಿದಳು. ನನಗೆ ನಗು ಬಂತು. ತುದಿಯಲ್ಲಿ ನಿಂತವರ ಸಂಗತಿಯನ್ನು ಈ ಹುಡುಗಿಯ ಅಪ್ಪ ತೊಟ್ಟಿಲಿಗೆ ಬರುವ ಮೊದಲೇ ನಾನು ಕಂಡುಂಡವಳು. ನೀವು ಬಿಡುವಾಗಿದ್ದರೆ ಹೇಳುತ್ತೇನೆ, ಬಿಡುವಿಲ್ಲದಿದ್ದರೂ ಹೇಳುತ್ತೇನೆ.

ಅದು ಅರವತ್ತರ ದಶಕ. ನಮ್ಮವರಿಗೆ ಸಾಗರದಲ್ಲೊಂದು ಸ್ಟುಡಿಯೋ ಇತ್ತು. ತೀರ್ಥಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ನನಗೆ ಅವರು ಮೊದಲು ತೋರಿಸಿದ್ದು ಮನೆಯ ದೇವರನ್ನಲ್ಲ, ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಮಲಗಿಸಿದ್ದ ಮೂರು ಲೆನ್ಸುಗಳನ್ನು. ಒಂದು ಸಾಧಾರಣದ್ದು, ಕಣ್ಣಿಗೆ ಕಂಡಷ್ಟನ್ನು ಕಂಡಹಾಗೆ ಹಿಡಿಯುವುದು. ಎರಡನೆಯದು ಮುಖಕ್ಕೆಂದೇ ಇಟ್ಟದ್ದು, ಎಂಥ ಹುಡುಗಿಯನ್ನೂ ಗಂಡಿನ ಕಡೆಯವರು ಒಪ್ಪುವಂತೆ ಮಾಡುವುದು. ಮೂರನೆಯದು ಉದ್ದನೆಯದು, ದೂರದ್ದನ್ನು ಹತ್ತಿರ ತರುವುದು. ಅದನ್ನು ಹೊತ್ತು ಅವರು ಮಂಗಟ್ಟೆ ಹಕ್ಕಿ ಹಿಡಿಯಲೆಂದು ಹುಲಿಕಲ್ ಘಾಟಿಗೆ ಹೋಗಿ ಬರುತ್ತಿದ್ದರು. ಆಗ ತಾನೇ ಹಕ್ಕಿ ಹಾರಿಹೋದ ಕೊಂಬೆಗಳ ಒಳ್ಳೊಳ್ಳೆಯ ಫೋಟೋಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು. ನಾನು ಆ ಮೂರಕ್ಕೂ ಹೆಸರಿಟ್ಟಿದ್ದೆ: ಸಂಸಾರಿ, ಮದುವೆ ದಲ್ಲಾಳಿ, ದೂರದ ನೆಂಟ. ನಮ್ಮವರಿಗೆ ಸಿಟ್ಟು ಬರುತ್ತಿತ್ತು. ಆದರೆ ಅವಸರದಲ್ಲಿ ಅವರೂ "ಆ ದೂರದ ನೆಂಟನ್ನ ಕೊಡು" ಎಂದೇ ಕೂಗುತ್ತಿದ್ದರು.

ಈ ಮೂವರ ಸಂಸಾರಕ್ಕೆ ನಾಲ್ಕನೆಯದೊಂದು ಬೇಕು ಎನ್ನಿಸಿದ್ದು ನನ್ನ ದೊಡ್ಡಮ್ಮನಿಂದ. ಅಮ್ಮನ ಅಕ್ಕ ದ್ಯಾವಮ್ಮ. ಹೊಸನಗರದ ಕಡೆ ಶರಾವತಿ ದಂಡೆಯ ಹಳ್ಳಿಯಲ್ಲಿ ಗೇಣಿ ಗದ್ದೆ ಮಾಡಿಕೊಂಡು ಇಬ್ಬರು ಗಂಡುಮಕ್ಕಳನ್ನು ಸಾಕಿದವಳು. ದೊಡ್ಡವನು ಮಂಜಪ್ಪ, ಚಿಕ್ಕವನು ತಿಮ್ಮಪ್ಪ. ಇಬ್ಬರೂ ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಂಬುವುದಿಲ್ಲ: ನಾಯಿ. ಹಿಸೆಯಾದಾಗ ಮನೆಯನ್ನು ನಡುವಿಗೆ ಸೀಳಿ ಅಂಗಳಕ್ಕೆ ಬೇಲಿ ಹಾಕಿದರು. ಕೊಟ್ಟಿಗೆ, ಎತ್ತು, ಒರಳು, ಎಲ್ಲ ಹಂಚಿಹೋದವು, ನಾಯಿ ಮಾತ್ರ ಉಳಿಯಿತು. ಅದು ಅನ್ನ ತಿನ್ನುತ್ತಿದ್ದದ್ದು ಮಂಜಪ್ಪನ ಜಗಲಿಯಲ್ಲಿ, ರಾತ್ರಿ ಬೊಗಳುತ್ತಿದ್ದದ್ದು ತಿಮ್ಮಪ್ಪನ ಬಾಗಿಲಲ್ಲಿ. "ನನ್ನ ಅನ್ನ ತಿಂದು ಅವನ ಮನೆ ಕಾಯ್ತದಲ್ಲ" ಎಂದು ಅವನು, "ಅವನ ನಾಯಿ ಬೊಗಳಿ ನನಗೆ ನಿದ್ದೆ ಇಲ್ಲ" ಎಂದು ಇವನು. ನಾಯಿ ಸತ್ತು ಮಣ್ಣಾಯಿತು. ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು.

ಅಷ್ಟರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತು. ಹಳ್ಳಿ ಮುಳುಗುತ್ತದೆ ಎಂದು ಗೊತ್ತಾಯಿತು. ದೊಡ್ಡವನು ಸಾಗರದ ಹತ್ತಿರ, ಚಿಕ್ಕವನು ತೀರ್ಥಹಳ್ಳಿ ಕಡೆ ಜಾಗ ನೋಡಿಕೊಂಡರು. ಮುಳುಗುವ ಅಂಗಳಕ್ಕೂ ಆ ವರ್ಷ ಇಬ್ಬರೂ ತಪ್ಪದೆ ಬೇಲಿ ರಿಪೇರಿ ಮಾಡಿಸಿದ್ದರು ಎನ್ನುವುದನ್ನು ಹೇಳಿಬಿಡುತ್ತೇನೆ. ದೊಡ್ಡಮ್ಮ ಚಿಕ್ಕವನ ಜೊತೆ ಹೋಗುವುದೆಂದಾಯಿತು. ಹೋಗುವ ಮೊದಲು ಆಕೆ ನಮ್ಮವರನ್ನು ಕರೆಸಿ, "ಇಬ್ರನ್ನೂ ಒಂದೇ ಪಟದಾಗೆ ಹಿಡ್ದುಕೊಡು ಮಾರಾಯ" ಎಂದಳು.

"ಬೇರೆ ಬೇರೆ ತೆಗೀತೀನಿ ದೊಡ್ಡಮ್ಮ, ಸಲೀಸು" ಎಂದರು ನಮ್ಮವರು.

"ಬೇರೆ ತೆಗ್ದ್ರೆ ಮಂಜನ ಪಟಾನ ತಿಮ್ಮ ತನ್ನ ಗೋಡೆ ಮೇಲೆ ಇರಕ್ಕೆ ಬಿಡ್ತಾನಾ? ನಾನು ಕಣ್ಣು ಮುಚ್ಚಿದ್ ಮರುದಿನ ಒಲೆಗೆ ಹಾಕ್ತಾನೆ. ಒಂದೇ ಕಾಗ್ದದಾಗಿದ್ರೆ ಎಂತ ಮಾಡ್ತಾನೆ? ಕತ್ರಿ ಹಾಕಾನ ಅಂದ್ರೆ ನಡುವೆ ನಾನು ನಿಂತಿರ್ತೀನಿ. ಅವ್ವನ್ನ ಕತ್ರಿಸ್ತಾನಾ?"

ದೊಡ್ಡಮ್ಮ ತನ್ನ ಮಿಕ್ಕ ಆಯಸ್ಸೆಲ್ಲ ಒಬ್ಬ ಮಗನ ಮನೆಯಲ್ಲಿ ಇನ್ನೊಬ್ಬ ಮಗನ ಮುಖ ನೋಡದೆ ಕಳೆಯಬೇಕಾಗಿತ್ತು. ಅವಳಿಗಿದ್ದ ದಾರಿ ಈ ಪಟವೊಂದೇ. ನನಗೆ ಅಳು ಬಂತು, ಅಲ್ಲೇ ಅತ್ತುಬಿಟ್ಟೆ.

ಅಣ್ಣತಮ್ಮಂದಿರು ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಇಬ್ಬರೂ ಅವರವರ ಜಗಲಿಯ ಕೊನೆಯ ಕಂಬಕ್ಕೇ ನಿಲ್ಲುವುದು, ಬೇಲಿಯ ಕಡೆಗೆ ಒಂದು ಹೆಜ್ಜೆಯೂ ಸರಿಯುವುದಿಲ್ಲ. ಒಬ್ಬ ಸರಿದರೆ ಇನ್ನೊಬ್ಬನ ಕಾಲಿಗೆ ಬಿದ್ದಂತೆ ಎಂದು ಅವರ ಲೆಕ್ಕಾಚಾರ. ಮನೆಯೋ ಉದ್ದಕ್ಕೆ ರೈಲಿನಂತಿತ್ತು. ದೊಡ್ಡಮ್ಮ ನಡುವೆ ಬೇಲಿಗೆ ಆತು ನಿಂತಳು. ನಮ್ಮವರು ಸಂಸಾರಿ ಲೆನ್ಸಿನಲ್ಲಿ ನೋಡಿದರೆ ದೊಡ್ಡಮ್ಮ ಮತ್ತು ಬೇಲಿ ಮಾತ್ರ ಕಾಣುತ್ತಿತ್ತು. ಹಿಂದೆ ಸರಿದರು. ಮಂಜಪ್ಪನ ಒಂದು ಕಿವಿ ಬಂತು. ಇನ್ನೂ ಸರಿದರು. ತಿಮ್ಮಪ್ಪನ ಭುಜ ಬಂತು. "ಸಾಕು, ಸಾಕು, ಹಿಂದೆ ಗೊಬ್ಬರದ ಗುಂಡಿ" ಎಂದು ನಾನು ಕೂಗುವ ಹೊತ್ತಿಗೆ ನಮ್ಮವರು ಎರಡೂ ಕೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದುಕೊಂಡು ಸೊಂಟದವರೆಗೆ ಗುಂಡಿಯಲ್ಲಿದ್ದರು. ಅಣ್ಣತಮ್ಮಂದಿರು ನಕ್ಕರು. ಆದರೆ ಒಬ್ಬರು ನಕ್ಕಿದ್ದು ಇನ್ನೊಬ್ಬರಿಗೆ ಕಾಣದ ಹಾಗೆ ಮುಖ ತಿರುಗಿಸಿಕೊಂಡು ನಕ್ಕರು.

ಎರಡು ಫೋಟೋ ತೆಗೆದು ಅಂಟಿಸುತ್ತೇನೆ ಎಂದರು ನಮ್ಮವರು, ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತ. ದೊಡ್ಡಮ್ಮ ತಲೆಯಾಡಿಸಿದಳು. "ಅಂಟ್ಸಿದ್ದು ಬಿಟ್ಕಳ್ತದೆ."

ಹೀಗೆ, ಅಣ್ಣತಮ್ಮಂದಿರನ್ನು ಎರಡು ಮಾರು ಹತ್ತಿರ ತರುವುದಕ್ಕಿಂತ ಹೊಸ ಲೆನ್ಸು ತರುವುದೇ ಸುಲಭ ಎಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು. ಯಾರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಆದರೆ ಎಷ್ಟು ಅಗಲದ್ದು? ಶಿವಮೊಗ್ಗದ ಅಂಗಡಿಯವನ ಹತ್ತಿರ ಎರಡಿದ್ದವು, ಒಂದು ಸ್ವಲ್ಪ ಅಗಲದ್ದು, ಒಂದು ಭಾರಿ ಅಗಲದ್ದು. ನಮ್ಮವರು ಊಟಕ್ಕೆ ಕೂತಲ್ಲೂ ಅದನ್ನೇ ಹೇಳುತ್ತಿದ್ದರು. ಸ್ವಲ್ಪ ಅಗಲದ್ದು ನಮ್ಮ ಸಂಸಾರಿಗೆ ತೀರ ಹತ್ತಿರದ್ದು, ಎರಡು ಹೆಜ್ಜೆ ಹಿಂದೆ ಸರಿದರೆ ಸಂಸಾರಿಯೇ ಆ ಕೆಲಸ ಮಾಡುತ್ತದೆ, ಅದನ್ನು ತಂದರೆ ಒಂದೇ ಮನೆಗೆ ಒಂದೇ ಗುಣದ ಇಬ್ಬರು ಸೊಸೆಯರನ್ನು ತಂದಂತೆ. ಭಾರಿ ಅಗಲದ್ದು ಇರುವ ಮೂರಕ್ಕೂ ಬೇರೆಯಾದದ್ದು, ಆದರೆ ಕಂಬಗಳನ್ನು ಬಗ್ಗಿಸುತ್ತದೆ. ಈ ಚರ್ಚೆಯ ನಡುವೆ ಅವರ ಹುಳಿ ಆರಿಹೋಗುತ್ತಿತ್ತು.

ಕೊನೆಗೆ ಅವರು ಜಗಳವನ್ನೇ ಅಳೆಯುವುದೆಂದು ಹೊರಟರು. ಗುಂಡಿಯ ಅಂಚಿನಲ್ಲಿ ನಿಂತು ಒಂದು ಬಿದಿರು ಕೋಲನ್ನು ಮಂಜಪ್ಪನ ಕಡೆಗೂ ಇನ್ನೊಂದನ್ನು ತಿಮ್ಮಪ್ಪನ ಕಡೆಗೂ ಗುರಿಯಿಟ್ಟು, ಬುಡದಲ್ಲಿ ಬಾಳೆನಾರಿನಿಂದ ಬಿಗಿದು ಕಟ್ಟಿದರು. ಅಣ್ಣತಮ್ಮಂದಿರ ನಡುವಿನ ಅಂತರ ಕೈಗೆ ಬಂತು. ಬಾಯಿ ಕಳೆದ ಆ ಇಕ್ಕಳವನ್ನು ಹೊತ್ತು ನಾವಿಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಅದು ಬಾಗಿಲಲ್ಲಿ ಹಿಡಿಸಲಿಲ್ಲ, ಕಿಟಕಿಯಿಂದ ಒಳಗೆ ತೂರಿಸಿದೆವು. ಒಂದು ತುದಿ ಡ್ರೈವರನ ಬೆನ್ನಿಗೆ, ಇನ್ನೊಂದು ತುದಿ ಹಿಂದಿನ ಸೀಟಿನ ಹೆಂಗಸೊಬ್ಬರ ಕೋಳಿಬುಟ್ಟಿಗೆ.

"ಸ್ವಾಮಿ, ಅದನ್ನ ಮಡ್ಸಿ ಇಟ್ಕಳಿ" ಎಂದ ಕಂಡಕ್ಟರು.

"ಮಡಿಸಂಗಿಲ್ಲ. ಮಡಿಸಿದ್ರೆ ಅಣ್ಣತಮ್ಮ ಒಂದಾಗ್ಬಿಡ್ತಾರೆ" ಎಂದರು ನಮ್ಮವರು, ಬಹಳ ಗಂಭೀರವಾಗಿ.

ಕಂಡಕ್ಟರು ಯೋಚಿಸಿದ. ಮಾಟಮಂತ್ರದ ವಸ್ತು ಎಂದುಕೊಂಡನೋ ಏನೋ, ಮತ್ತೆ ನಮ್ಮ ಹತ್ತಿರ ಬರಲಿಲ್ಲ. ಕೋಳಿಬುಟ್ಟಿಯ ಹೆಂಗಸು ಮಾತ್ರ ಹಿಂದಿನಿಂದ ಬಗ್ಗಿ, "ಬಾವಿ ತೆಗ್ಯಾಕೆ ನೀರು ನೋಡ ಕೋಲಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅವರ ಹಿತ್ತಲಲ್ಲೂ ಒಮ್ಮೆ ನೋಡಿಕೊಡಬೇಕೆಂದು ದಾರಿಯುದ್ದಕ್ಕೂ ಕೇಳಿಕೊಂಡರು.

ಆಗಿನ ರಸ್ತೆ ನಿಮಗೆ ಗೊತ್ತಲ್ಲ. ಬಸ್ಸು ಕುಲುಕಿ ಕುಲುಕಿ ನಾರು ಸಡಿಲವಾಯಿತು. ನಮಗೆ ತಿಳಿಯಲೇ ಇಲ್ಲ. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮಂಜಪ್ಪ ತಿಮ್ಮಪ್ಪರ ಜಗಳ ದಾರಿಯಲ್ಲೇ ಇನ್ನಷ್ಟು ಅಗಲವಾಗಿತ್ತು. ಅಂಗಡಿಯಲ್ಲಿ ಕೋಲುಗಳ ಬುಡಕ್ಕೆ ಕ್ಯಾಮೆರಾ ಹಿಡಿದು, ಸ್ವಲ್ಪ ಅಗಲದ್ದನ್ನು ಹಾಕಿ ನೋಡಿದರೆ ಎರಡೂ ಕೋಲು ಒಟ್ಟಿಗೆ ಕಾಣಲಿಲ್ಲ. ಭಾರಿ ಅಗಲದ್ದರಲ್ಲಿ ಎರಡು ಕೋಲು, ಅಂಗಡಿಯ ಬಾಗಿಲು, ಅಂಗಡಿಯವನ ಚಹಾ ಲೋಟ, ನಮ್ಮವರ ಕಾಲಿನ ಹೆಬ್ಬೆರಳು ಎಲ್ಲ ಕಂಡವು. ದೂರದ ನೆಂಟನನ್ನು ಅಲ್ಲೇ ಬಿಟ್ಟು ಅದಕ್ಕೆ ಬದಲು ಅದನ್ನು ತಂದೆವು. ಹುಲಿಕಲ್‌ನ ಮಂಗಟ್ಟೆಗಳು ಆವತ್ತು ನೆಮ್ಮದಿಯ ಉಸಿರು ಬಿಟ್ಟಿರಬೇಕು.

ಫೋಟೋ ತೆಗೆದಾಯಿತು, ತೊಳೆದಾಯಿತು, ದೊಡ್ಡದು ಮಾಡಿಸಿ ಹಳ್ಳಿಗೆ ಒಯ್ದಾಯಿತು. ಅದರಲ್ಲಿ ಎಲ್ಲ ಇತ್ತು. ಕಂಬಗಳು ಒಳಕ್ಕೆ ಬಾಗಿದ್ದವು. ಎಡತುದಿಯಲ್ಲಿ ಮಂಜಪ್ಪ, ಬಲತುದಿಯಲ್ಲಿ ತಿಮ್ಮಪ್ಪ, ಇಬ್ಬರಿಗೂ ಜನ್ಮದಲ್ಲಿ ಇಲ್ಲದ ಹೊಟ್ಟೆ ಬಂದಿತ್ತು. ನಡುವೆ ಎಲ್ಲೋ ದೂರದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡಮ್ಮ. ದೊಡ್ಡಮ್ಮ ಬೇಲಿಯ ಹತ್ತಿರ ನಿಂತು ಪಟವನ್ನು ಬಿಸಿಲಿಗೆ ಹಿಡಿದಳು. ಮಕ್ಕಳಿಬ್ಬರೂ ತಮ್ಮ ತಮ್ಮ ಕಡೆಯಿಂದ ಕತ್ತು ಚಾಚಿದರು.

"ಅವಂಗ್ಯಾಕವ್ವಾ ಪಟದಾಗೆ ಜಾಸ್ತಿ ಜಾಗ?" ಎಂದ ಮಂಜಪ್ಪ.

"ಹೊಟ್ಟೆ ಯಾರದ್ದು ದೊಡ್ದು ಅಂತ ಸಮಾ ನೋಡಾಕೆ ಹೇಳವ್ವಾ" ಎಂದ ತಿಮ್ಮಪ್ಪ.

ದೊಡ್ಡಮ್ಮನಿಗೆ ಇದೊಂದೂ ಕೇಳಿಸಲಿಲ್ಲ. "ಇದ್ರಾಗೆ ನಾನೆಲ್ಲಿದ್ದೀನ್ರೋ?" ಎಂದಳು. ಅವಳ ದನಿ ಸಣ್ಣದಾಗಿತ್ತು. ನಡುವೆ ನಿಂತಿದ್ದೇನೆ ಎನ್ನುವ ಧೈರ್ಯದ ಮೇಲೆ ಬದುಕಿದ್ದವಳಿಗೆ ತಾನೇ ಕಾಣುತ್ತಿರಲಿಲ್ಲ.

"ಇಲ್ಲಿ ಅದೀಯಲ್ಲವ್ವಾ" ಎಂದು ಮಂಜಪ್ಪ ಬೇಲಿಯ ಮೇಲೆ ಬಗ್ಗಿ ತೋರಿಸಿದ.

"ಅದು ಬೇಲಿಗೂಟ ಅಂತ ಹೇಳವ್ವಾ ಅವಂಗೆ" ಎಂದು ತಿಮ್ಮಪ್ಪನೂ ಬಗ್ಗಿದ.

"ಬೇಲಿಗೂಟಕ್ಕೆ ಸೀರೆ ಉಡ್ಸ್ತಾರಾ ಕೇಳವ್ವಾ."

"ಅದು ಸೀರೆ ಅಲ್ಲ, ಒಣಗಾಕಿದ ಕಂಬ್ಳಿ. ಅವ್ವ ಇಲ್ಲಿದಾಳೆ."

"ಏಯ್, ಬೆಟ್ಟು ತೆಗ್ಯಾ ಮಾರಾಯ, ಅವ್ವನ ಮೇಲೇ ಇಟ್ಟಿದೀಯ!"

ಅಷ್ಟು ವರ್ಷಗಳ ಮೇಲೆ ಅಣ್ಣ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ತಮ್ಮ ಬೆರಳು ತೆಗೆದ. ಎರಡು ತಲೆಗಳು ಒಂದಕ್ಕೊಂದು ತಾಗಿಕೊಂಡು ಅವ್ವನನ್ನು ಹುಡುಕುತ್ತಿದ್ದವು. ನಾನು ನಮ್ಮವರ ತೋಳು ಚಿವುಟಿದೆ. ಕ್ಯಾಮೆರಾದಲ್ಲಿ ಇದ್ದದ್ದು ಅದೇ ಅಗಲದ ಲೆನ್ಸು. ಅದರಲ್ಲಿ ದೂರದಿಂದ ತೆಗೆದರೆ ಎಲ್ಲರೂ ಬಟಾಣಿ ಎಂದು ಆ ಹೊತ್ತಿಗೆ ಅವರಿಗೆ ಗೊತ್ತಾಗಿತ್ತು. ಕಳ್ಳ ಹೆಜ್ಜೆ ಹಾಕಿ, ದೊಡ್ಡಮ್ಮನ ಭುಜಕ್ಕೆ ಕ್ಯಾಮೆರಾ ತಾಗುವಷ್ಟು ಹತ್ತಿರ ಹೋಗಿ ಒತ್ತಿದರು. ಸದ್ದಿಗೆ ಇಬ್ಬರೂ ಬೆಚ್ಚಿ, ಬೇಲಿಯಿಂದ ಹಿಂದೆ ಸರಿದು, ಅವರವರ ಕಂಬಕ್ಕೆ ಹೋದರು. ಆಮೇಲೆ ಮತ್ತೆ ಮಾತಿಲ್ಲ.

ಆ ಫೋಟೋ ತೊಳೆದಾಗ ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತರು. ಅದರಲ್ಲಿ ಒಂದು ಮುಖವೂ ಇರಲಿಲ್ಲ. ಮೊರದಷ್ಟು ದೊಡ್ಡದಾದ ದೊಡ್ಡಮ್ಮನ ಕೈ, ಅದರ ಮುಂದೆ ಬಗ್ಗಿದ ಎರಡು ನೆತ್ತಿ, ಅಷ್ಟೇ. ಕೊಡುವುದೇ ಬೇಡ ಎಂದರು. ನಾನೇ ಹಠ ಮಾಡಿ ಕೊಡಿಸಿದೆ.

ದೊಡ್ಡಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ನೆತ್ತಿಯ ಮೇಲೆ ಬೆರಳಾಡಿಸಿದಳು, ಇನ್ನೊಂದರ ಮೇಲೂ ಆಡಿಸಿದಳು. "ಸುಳಿ ನೋಡೇ. ಒಂದು ಬಲಕ್ಕೆ ತಿರುಗಿದ್ದು, ಒಂದು ಎಡಕ್ಕೆ ತಿರುಗಿದ್ದು. ಎಣ್ಣೆ ತಿಕ್ಕಾವಾಗ ಕೈಗೇ ಗೊತ್ತಾಗ್ತಿತ್ತು ಯಾರದ್ದು ಅಂತ."

"ಮುಖ ಬರ್ಲಿಲ್ಲವಲ್ಲ ದೊಡ್ಡಮ್ಮ" ಎಂದೆ.

"ಮುಖ ಬಿಡೇ, ಅದು ಅವ್ರು ಬೆಳ್ದು ಮಾಡ್ಕಂಡಿದ್ದು. ತಲೆ ನಾನು ತೊಳ್ದಿದ್ದು" ಎಂದಳು. ಮತ್ತೆ ನೋಡಿ ಹೇಳಿದಳು, "ಕತ್ರಿ ಹಾಕಾಕೆ ನಡುವೆ ಸಂದೇ ಇಲ್ಲ. ಚಲೋ ಆತು."

ಹಳ್ಳಿ ಮುಳುಗಿತು. ದೊಡ್ಡಮ್ಮ ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಪಟವನ್ನು ಎದುರಿಗಿಟ್ಟುಕೊಂಡು ಹಲವು ವರ್ಷ ಇದ್ದಳು, ಅಲ್ಲೇ ತೀರಿಕೊಂಡಳು. ಮಂಜಪ್ಪ ಬಂದಿದ್ದ. ಕಾರ್ಯವೆಲ್ಲ ಮುಗಿದ ಮೇಲೆ ಪಟದ ಮುಂದೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ತಿಮ್ಮಪ್ಪನೂ ಹೋಗಿ ಪಕ್ಕದಲ್ಲಿ ನಿಂತ.

"ಇದ್ರಾಗೆ ನಾನ್ಯಾವ್ದು?" ಎಂದ ಮಂಜಪ್ಪ.

ತಿಮ್ಮಪ್ಪನಿಗೆ ಗೊತ್ತಿರಲಿಲ್ಲ. ನನ್ನನ್ನು ನೋಡಿದರು. ನಾನು ನಮ್ಮವರನ್ನು ನೋಡಿದೆ. ಬೇಲಿಯ ಯಾವ ದಿಕ್ಕಿನಿಂದ ತೆಗೆದದ್ದೆಂದು ಅವರಿಗೂ ನೆನಪಿರಲಿಲ್ಲ. ಗೊತ್ತಿದ್ದವಳೊಬ್ಬಳೇ, ಆಕೆ ಹೋಗಿದ್ದಳು. ಸುಳಿಯ ಮಾತನ್ನು ನಾನು ಹೇಳಿದೆ. "ಬಗ್ಗು ನೋಡಾನ" ಎಂದು ಅಣ್ಣ ತಮ್ಮನ ತಲೆ ಬಗ್ಗಿಸಿದ. ಆಮೇಲೆ ತಮ್ಮ ಅಣ್ಣನ ತಲೆ ಬಗ್ಗಿಸಿದ. ಇಬ್ಬರ ನೆತ್ತಿಯೂ ಬೋಳಾಗಿ ಹೊಳೆಯುತ್ತಿತ್ತು, ಸುಳಿಯ ಗುರುತೇ ಉಳಿದಿರಲಿಲ್ಲ. ಅಲ್ಲಿ ನಿಂತ ಆ ಇಬ್ಬರು ಮುದುಕರು, ಒಬ್ಬರ ತಲೆಯ ಮೇಲೆ ಒಬ್ಬರ ಕೈಯಿಟ್ಟುಕೊಂಡು, ಆಗ ಅತ್ತರು. ಮಂಜಪ್ಪ ತನಗೂ ಒಂದು ಕಾಪಿ ಬೇಕೆಂದ, ನಮ್ಮವರು ಮಾಡಿಕೊಟ್ಟರು.

ಈಗ ಅವರಿಬ್ಬರೂ ಇಲ್ಲ, ನಮ್ಮವರೂ ಇಲ್ಲ. ಮೊನ್ನೆಯ ಮದುವೆಯಾದ ಮೇಲೆ ಮನಸ್ಸು ತಡೆಯದೆ ಎರಡೂ ಮನೆಗೆ ಹೋಗಿ ಬಂದೆ. ಸಾಗರದ ಹತ್ತಿರದ ಮನೆಯಲ್ಲಿ ಮಂಜಪ್ಪನ ಮೊಮ್ಮಕ್ಕಳು ಎಡಗಡೆಯ ನೆತ್ತಿಗೆ ಕುಂಕುಮ ಹಚ್ಚಿ ಹೂವಿಟ್ಟಿದ್ದರು. "ಇವ್ರೇ ಅಲ್ವಾ ಅಜ್ಜಿ ನಮ್ಮ ತಾತ?" ಎಂದರು. ಹೌದು, ಅವನೇ ಎಂದೆ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ತಿಮ್ಮಪ್ಪನ ಮೊಮ್ಮಕ್ಕಳೂ ಅದೇ ಎಡಗಡೆಯ ನೆತ್ತಿಗೆ ಕುಂಕುಮ ಹಚ್ಚಿದ್ದರು, ಅವರೂ ಅದನ್ನೇ ಕೇಳಿದರು.

ಹೌದು, ಅವನೇ ಎಂದೆ.