ಎರಡು ಗುಡ್ಡೆ ಕಬ್ಬಿಣದ ಚೂರು

ಅಬಕಾರಿ ಸುಂಕದ ಕಾಗದಪತ್ರ ನೋಡುತ್ತೇನೆ ಎಂದರೆ ನಮ್ಮ ಓಣಿಯವರು ನಾನು ಸೆರೆ ಅಂಗಡಿಯ ಗುಮಾಸ್ತನೆಂದೇ ತಿಳಿದು ನಗುತ್ತಿದ್ದರು. ಇದು ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲಿನ ಸುಂಕ ಎಂದು ಹೇಳಿ ಹೇಳಿ ಬಾಯಿ ನೋವು ಬಂತೇ ಹೊರತು ಯಾರ ತಲೆಗೂ ಹೋಗಲಿಲ್ಲ. ನಾನಿದ್ದದ್ದು ರಾಯಚೂರಿನ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ. ಅಲ್ಲಿ ಕುಡುಗೋಲು, ಸಲಿಕೆ, ಕುರ್ಪಿ ತಯಾರಾಗುತ್ತಿದ್ದವು. ರೈತರ ಸಾಮಾನಾದ್ದರಿಂದ ಅವಕ್ಕೆ ಸುಂಕವಿರಲಿಲ್ಲ. ಅವನ್ನು ಕತ್ತರಿಸುವಾಗ ಉದುರುವ, ಗುಜರಿಗೆ ಮಾರುವ ಚೂರಿಗೂ ವಿನಾಯಿತಿ ಇತ್ತು. ಜಿಎಸ್‌ಟಿ ಬರುವುದಕ್ಕೆ ಮುಂಚಿನ ಮಾತಿದು.

ದೇವದುರ್ಗದಿಂದ ಗೇಟು ಮಾಡಿಕೊಡಿ ಎಂದು ದೊಡ್ಡ ಆರ್ಡರ್ ಬಂದ ಮೇಲೆ ನನಗೆ ತಲೆನೋವು ಶುರುವಾಯಿತು. ಗೇಟಿಗೆ ಸುಂಕ, ಗೇಟಿನ ಚೂರಿಗೂ ಸುಂಕ. ಹಾಗಾಗಿ ಅಂಗಳದಲ್ಲಿ ಎರಡು ಗುಡ್ಡೆ ಹಾಕಿಸಿದೆ. ಕುಡುಗೋಲಿನದು ಈ ಕಡೆ, ಗೇಟಿನದು ಆ ಕಡೆ. ಗುಡಿಸುವ ಹೆಂಗಸು ಕವಿತಾಳದವಳು, ನನ್ನ ತಾಯಿಯ ವಯಸ್ಸು. ಒಮ್ಮೆ ಹೇಳಿದ್ದಕ್ಕೆ ಒಂದು ಚೂರೂ ಅದಲುಬದಲಾಗದ ಹಾಗೆ ನೋಡಿಕೊಂಡಳು.

ನಮ್ಮಲ್ಲಿ ಅಮಾವಾಸ್ಯೆಗೆ ಯಂತ್ರ ನಿಲ್ಲಿಸಿ, ಎಲ್ಲ ಶೆಡ್ಡು ಗುಡಿಸಿ, ಬಿದ್ದ ಕಬ್ಬಿಣವನ್ನೆಲ್ಲ ಒಂದೇ ಕಡೆ ರಾಶಿ ಹಾಕಿ ಪೂಜೆ ಮಾಡುವುದು ಮೊದಲಿನಿಂದ ಬಂದ ರೂಢಿ. ಆ ಅಮಾವಾಸ್ಯೆ ಆಕೆ ಬುಟ್ಟಿ ಹಿಡಿದು ನಿಂತು, ಎರಡನ್ನೂ ಕೂಡಿಸಲೇ ಎಂದು ನನ್ನನ್ನೇ ಕೇಳಿದಳು. ಕೂಡಿಸು ಯವ್ವಾ, ಪೂಜೆಗೇನು ಎರಡು ರಾಶಿ ಎಂದೆ. ತಲೆಯಲ್ಲಿ ಏನಿತ್ತೋ ನನಗೆ! ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದವನೂ ನಾನೇ.

ಎರಡು ದಿನಕ್ಕೆ ಸುಂಕದ ಅಧಿಕಾರಿ ಬಂದರು. ರಾಶಿಯ ಮೇಲೆ ಕುಂಕುಮ ಕಂಡು, ಪಾಪ, ಚಪ್ಪಲಿ ಬಿಟ್ಟೇ ಹತ್ತಿರ ಹೋದರು. ಇದರಲ್ಲಿ ಗೇಟಿನದೆಷ್ಟು, ಕುಡುಗೋಲಿನದೆಷ್ಟು ಎಂದು ಕೇಳಿದರು. ಕೂಡಿದ ಮೇಲೆ ಯಾವುದು ಯಾವುದರದೆಂಬ ಗುರುತೇ ಇರಲಿಲ್ಲ. ಬೇರೆ ಮಾಡಿ ತೋರಿಸದಿದ್ದರೆ ಇಡೀ ರಾಶಿಗೆ ವಿನಾಯಿತಿ ಇಲ್ಲವೆಂದು ಬರೆದುಕೊಂಡರು.

ಅವರು ಹೋದ ಮೇಲೆ ಯಜಮಾನರು, ತಿಳಿಯದೆ ಯಾರೋ ಕೂಡಿಸಿದರು ಅಂತ ಆದರೆ ವಿನಾಯಿತಿ ಉಳಿಯಬಹುದು, ಆ ಮುದುಕಿಯ ಹೇಳಿಕೆ ಬರೆ ಎಂದರು. ಕೂಡಿಸು ಎಂದವನು ನಾನು ಎನ್ನಲು ನನಗೆ ಬಾಯಿ ಬರಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆ, ಬೇರೇನೂ ಅಲ್ಲ. ‘ಯಾರೂ ಹೇಳದೆ, ನನ್ನಷ್ಟಕ್ಕೆ ನಾನೇ ಎರಡು ಗುಡ್ಡೆ ಕೂಡಿಸಿದೆ’ ಎಂದು ಆಕೆಯ ಹೆಸರಿನಲ್ಲಿ ಬರೆದೆ. ಆಕೆಗೆ ಓದು ಬರದು. ಓದಿ ಹೇಳಿರಿ ಎಂದಳು. ಹೆಸರು, ಊರು, ಎಷ್ಟು ವರ್ಷದ ಕೆಲಸ, ಎಲ್ಲ ಓದಿದೆ. ಆ ಸಾಲೊಂದನ್ನು ಬಿಟ್ಟೆ. ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ಮತ್ತೆ ಗುಡಿಸಲು ಹೋದಳು.

ವಿನಾಯಿತಿ ಹೇಗೂ ಸಿಗಲಿಲ್ಲ. ತಪ್ಪು ಒಪ್ಪಿಕೊಂಡವಳನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಯಜಮಾನರು ಆಕೆಯನ್ನು ಕೆಲಸದಿಂದ ಬಿಡಿಸಿದರು. ಹೇಳಿಕೆಯ ನಕಲನ್ನೂ ಆಕೆಯ ಕೈಗೆ ಕೊಟ್ಟರು. ಆಮೇಲೆ ಜಿಎಸ್‌ಟಿ ಬಂತು, ಆ ಸುಂಕವೂ ಹೋಯಿತು, ವಿನಾಯಿತಿಯೂ ಹೋಯಿತು. ನಾನು ಮಾತ್ರ ಉಳಿದೆ. ಈಗ ಊರೂರಿನ ಅಕ್ಕಿ ಗಿರಣಿಗಳ ಕಾಗದ ನೋಡುತ್ತ ಬಸ್ಸಿನಲ್ಲಿ ತಿರುಗುತ್ತೇನೆ. ಸಾಕಾಗಿದೆ.

ಹೋದ ವರ್ಷ ಮಾನ್ವಿಯಲ್ಲಿ ಕವಿತಾಳದ ಬಸ್ಸು ಹತ್ತಿದಾಗ ಕಿಟಕಿಯ ಬಳಿ ಆಕೆ ಕೂತಿದ್ದಳು. ಗದ್ದೆಯಲ್ಲಿ ಸಸಿ ಹಚ್ಚಿ ಬಂದ ಕಾಲು, ಕೆಸರು ಒಣಗಿತ್ತು. ಬಸ್ಸಿನಲ್ಲಿ ಬೇರೆ ಸೀಟು ಖಾಲಿ ಇರಲಿಲ್ಲ, ಆಕೆಯ ಪಕ್ಕದ ಸೀಟಿನ ಮೇಲೆ ಬುತ್ತಿಯ ಚೀಲ. ನನ್ನನ್ನು ಗುರುತು ಹಿಡಿದು, ಮನೆಯಲ್ಲಿ ಎಲ್ಲರೂ ಆರಾಮೇ ಎಂದು ವಿಚಾರಿಸಿದಳು. ಆಮೇಲೆ ಮೆಲ್ಲಗೆ ಅಂದಳು:

“ಅವತ್ತ ಒಂದು ಸಾಲು ಬಿಟ್ಟು ಓದಿದ್ರಿ. ಮಗಳು ಓದಿ ಹೇಳ್ಯಾಳ. ಆದ್ರೂ ನಿಮ್ಮ ಬಾಯಾಗ ಕೇಳಬೇಕಂತ ಅದ. ಈಗರ ಓದ್ರಿ ಯಪ್ಪಾ.”

ಕಾಗದ ಬೇಕಿರಲಿಲ್ಲ, ನನಗೆ ಬಾಯಿಪಾಠವಾಗಿತ್ತು. ಯಾರೂ ಹೇಳದೆ ಎಂಬಲ್ಲಿಂದ ಹಿಡಿದು ಕೊನೆಯ ತನಕ ಹೇಳಿದೆ. ಆಕೆ ಪೂರಾ ಕೇಳಿದಳು. ಚೀಲವನ್ನು ಸೀಟಿನ ಮೇಲಿಂದ ತೆಗೆಯದೆ ಕಿಟಕಿಯ ಕಡೆ ತಿರುಗಿದಳು. ಕವಿತಾಳ ಬರುವವರೆಗೂ ನಾನು ನಿಂತೇ ಇದ್ದೆ.