ನಾನು ಸಾಕ್ಷಿ ಹಾಕಿದ ಹೆಬ್ಬೆಟ್ಟು

ಹೋದ ವಾರ ಹಿಂದೂಪುರದ ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾರೋ ಇಂಕ್ ಪ್ಯಾಡಿನ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೂವಿನಕ್ಕ ನೆನಪಾದಳು...

ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಮನೆಯವಳು. ಬಸ್ ಸ್ಟ್ಯಾಂಡಿನಲ್ಲಿ ಕನಕಾಂಬರ ಮಾರುತ್ತಿದ್ದಳು. ಶಾಲೆಗೆ ಹೊರಟ ನನ್ನನ್ನು ನಿಲ್ಲಿಸಿ ಜಡೆಗೆ ಹೂ ಮುಡಿಸದೆ ಕಳಿಸಿದವಳಲ್ಲ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ನಾನು ಹಿಂದೂಪುರದ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿಗೆ ಸೇರಿದ ಮೇಲೆ, ಹೊಟ್ಟೆನೋವೆಂದು ಸರ್ಕಾರದ ಆರೋಗ್ಯ ಕಾರ್ಡು ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದಳು. ಗೆಡ್ಡೆಯಿದೆ, ಆಪರೇಷನ್ ಆಗಬೇಕು ಎಂದರು ಡಾಕ್ಟರು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಗರ್ಭಕೋಶವನ್ನೇ ತೆಗೆಯುತ್ತಾರೆಂದು ಅದರಲ್ಲಿ ಬರೆದಿತ್ತು. ನಾನು ಓದಿದ್ದೆ. ಸಾಲಿನಲ್ಲಿ ಇನ್ನೂ ಹತ್ತು ಜನ ನಿಂತಿದ್ದರು. ಏನಿದೆ ಇದರಲ್ಲಿ ಎಂದು ಕೇಳಿದಳು. ಗೆಡ್ಡೆ ತೆಗೆಯುತ್ತಾರೆ ಅಷ್ಟೇ ಎಂದು, ಅವಳ ಹೆಬ್ಬೆಟ್ಟು ಹಿಡಿದು ಒತ್ತಿಸಿ, ಕೆಳಗೆ ಸಾಕ್ಷಿಯ ಸಹಿ ಹಾಕಿದೆ.

ನಾಲ್ಕು ತಿಂಗಳ ನಂತರ ಮತ್ತೆ ಬಂದಳು. ಮುಟ್ಟು ನಿಂತಿದೆಯೆಂದು ನಾಚುತ್ತ ಕಿವಿಯಲ್ಲಿ ಹೇಳಿದಳು. ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿದೆ. ನೀನೇ ಹೇಳಿ ಕಳಿಸು ಎಂದರು. ಗರ್ಭಕೋಶವನ್ನೇ ತೆಗೆದಿದ್ದಾರೆಂದು ಕೌಂಟರಿನಲ್ಲೇ, ಜನರ ನಡುವೆಯೇ ಹೇಳಿದೆ. ಅವಳು ಅಳಲಿಲ್ಲ.

"ನಿಂಗೆ ಅವತ್ತೇ ಗೊತ್ತಿತ್ತೇನಮ್ಮ?"

ನಾನು ಮುಂದಿನವರ ಕಾರ್ಡು ಕೇಳಿದೆ.

ಆಮೇಲೆ ಕಲ್ಯಾಣದುರ್ಗದಿಂದ ಬಸ್ಸು ಹಿಡಿದು ಆರು ಸಲ ಬಂದು ತನ್ನ ಕೇಸ್ ಶೀಟು ಕೇಳಿದಳು. ರೋಗಿ ಕೇಳಿದರೆ ಕೊಡಲೇಬೇಕೆಂದು ನನಗೆ ಗೊತ್ತಿತ್ತು. ಕೊಡುವಂತಿಲ್ಲ ಎಂದು ಆರು ಸಲವೂ ನಾನೇ ಹೇಳಿದೆ. ಕೊನೆಗೆ, ತನಗೆ ಹೇಳದೆ ಗರ್ಭಕೋಶ ತೆಗೆದರೆಂದು ಯಾರಿಂದಲೋ ಆರೋಗ್ಯ ಇಲಾಖೆಗೆ ಅರ್ಜಿ ಬರೆಸಿ ಹಾಕಿದಳು. ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. ಒಪ್ಪಿಗೆ ಪತ್ರ ಮೇಜಿನ ಮೇಲಿತ್ತು. ಅವಳು ಅಧಿಕಾರಿಯನ್ನು ಬಿಟ್ಟು ನನ್ನತ್ತ ತಿರುಗಿದಳು.

"ಓದಿ ಹೇಳಿದ್ಯಾ ನಂಗೆ? ನಿಜ ಹೇಳ್ಬುಡು ಕಣಮ್ಮ, ನಾನು ಹೊಂಟೋಯ್ತೀನಿ."

"ಚದಿವಿ ಚೆಪ್ಪಾನು ಸಾರ್," ಎಂದೆ ನಾನು ಅಧಿಕಾರಿಗೆ, ತೆಲುಗಿನಲ್ಲಿ. ಓದಿ ಹೇಳಿದ್ದೇನೆ ಸಾರ್, ಎಂದು. ತೆಲುಗು ಅವಳಿಗೂ ಬರುತ್ತಿತ್ತು... ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದಳು. ಅರ್ಜಿ ವಜಾ ಆಯಿತು.

ಗಂಡ ಇನ್ನೊಂದು ಮದುವೆಯಾದ. ಅವಳು ಕಂಬದೂರಿನ ತವರು ಸೇರಿದಳು. ಎರಡು ವರ್ಷಕ್ಕೆ ತೀರಿಕೊಂಡಳೆಂದು ಅಮ್ಮ ಫೋನ್ ಮಾಡಿದಾಗ, ಮಣ್ಣಿಗೆ ಹೋಗಲು ನಾನು ರಜೆ ಕೇಳಲಿಲ್ಲ.

ಈಗ ನಮ್ಮ ಆಸ್ಪತ್ರೆಯ ಗೋಡೆಯಲ್ಲಿ ರೋಗಿಗಳ ಹಕ್ಕುಗಳ ಬೋರ್ಡಿದೆ. ಒಪ್ಪಿಗೆ ಪತ್ರ ಓದಿ ಹೇಳುವ ಕೆಲಸವನ್ನು ನನಗೇ ಕೊಟ್ಟಿದ್ದಾರೆ. ಒಂದೊಂದೇ ಸಾಲು ಓದಿ, ತಿಳಿಯಿತೇ ಎಂದು ಕೇಳುತ್ತೇನೆ. ನಾನು ಯಾರಿಗೆ ನಿಜ ಹೇಳಬೇಕಿತ್ತೋ ಅವಳೇ ಉಳಿದಿಲ್ಲ. ಮೊನ್ನೆ ಚಿಲಮತ್ತೂರಿನ ಹೆಂಗಸೊಬ್ಬಳು, ಇಷ್ಟು ತಾಳ್ಮೆಯಿಂದ ಯಾರೂ ಹೇಳಿರಲಿಲ್ಲವೆಂದು ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.